ಅಪ್‌ಡೇಟ್: ಖಡೇಬಜಾರ್ ಅಂಗಡಿಯ ನೋಟಿಸ್
ಬೆಳಗಾವಿ ಖಡೇಬಜಾರಿನ ಅಂಗಡಿಯಲ್ಲಿ ಪ್ಲೈವುಡ್ ಅಡ್ಡಗೋಡೆ ಹಾಕಿಸಿದ್ದಕ್ಕೆ, ಕರಾರು ಮುರಿದಿದ್ದೀರಿ, ಲೀಸ್ ರದ್ದು ಅಂತ ಮಾಲೀಕರು ನೋಟಿಸ್ ಕೊಟ್ಟಿದ್ದರು, ಏನು ಮಾಡಲಿ ಅಂತ ಕೇಳಿದ್ದೆನಲ್ಲ. ವಕೀಲರನ್ನು ಕಂಡು ಬಂದೆ. ಅವರು ನೋಟಿಸ್ ಪಕ್ಕಕ್ಕಿಟ್ಟು ಬಾಡಿಗೆ ರಸೀದಿ ಕೇಳಿದರು! ನೋಟಿಸ್ ಆದಮೇಲಿನ ತಿಂಗಳ ಬಾಡಿಗೆಯನ್ನೂ ಮಾಲೀಕರು ತಗೊಂಡು, ರೆವೆನ್ಯೂ ಸ್ಟಾಂಪ್ ಹಚ್ಚಿ ಸಹಿ ಮಾಡಿದ್ದಾರೆ. ಇಷ್ಟು ಸಾಕು ಎಂದರು.

1882ರ ಆಸ್ತಿ ವರ್ಗಾವಣೆ ಕಾಯ್ದೆ, ಕಲಂ 112: ಕರಾರು ಮುರಿದದ್ದು ಗೊತ್ತಿದ್ದೂ ಆಮೇಲಿನ ಬಾಡಿಗೆ ತಗೊಂಡರೆ, ಆ ಕಾರಣಕ್ಕೆ ಲೀಸ್ ಮುಗಿಸುವ ಹಕ್ಕು ಬಿಟ್ಟುಕೊಟ್ಟಂತೆ. ಕೇಸ್ ಹಾಕಿದ ಮೇಲೆ ತಗೊಂಡದ್ದು ಲೆಕ್ಕಕ್ಕಿಲ್ಲ. ಇಂತಿಷ್ಟು ವರ್ಷ ಅಂತ ಲೀಸ್ ಇಲ್ಲದೆ ತಿಂಗಳ ಲೆಕ್ಕದಲ್ಲಿ ಬಾಡಿಗೆಗಿರುವವರು ಮಾತ್ರ ಹುಷಾರು: ಖಾಲಿ ಮಾಡಿ ಅಂತ ಕೊಡುವ 15 ದಿನದ ಮಾಮೂಲಿ ನೋಟಿಸ್, ಸುಮ್ನೆ ಬಾಡಿಗೆ ತಗೊಂಡಷ್ಟಕ್ಕೆ ಬಿದ್ದುಹೋಗುವುದಿಲ್ಲ ಅಂತ 2006ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನಮ್ಮ ಲೀಸಿಗೆ ಇನ್ನೂ ಅವಧಿ ಇದೆ, ಬಚಾವ್.

ಉತ್ತರ ಕಳಿಸಿಯಾಯ್ತು. ನಿನ್ನೆ ಮಾಲೀಕರ ಮಗನ ಫೋನು: "ಅಣ್ಣಾ, ಕುಂತು ಮಾತಾಡೋಣ."