ಪಿಂಚಣಿ ಕಡತದಲ್ಲಿ ‘ಕಿಂಗ್’, ಕ್ವಿಬೆಕ್ ಚರ್ಚಿನಲ್ಲಿ ಯಾರೂ ಇಲ್ಲ: ಹೇಜನ್ ರೆಜಿಮೆಂಟಿನ ಸೈನಿಕನನ್ನು ಹುಡುಕುವುದು ಹೇಗೆ?

ಪ್ರಶ್ನೆ:
ಅಮೆರಿಕ ಕ್ರಾಂತಿಯಲ್ಲಿ ಅಮೆರಿಕದ ಪರವಾಗಿ ಕೆನಡಾದವರನ್ನು ಸೇರಿಸಿ ಕಟ್ಟಿದ, ಮೋಸೆಸ್ ಹೇಜನ್‌ನ 2ನೇ ಕೆನಡಿಯನ್ ರೆಜಿಮೆಂಟಿನಲ್ಲಿದ್ದ ಸೈನಿಕ. ಪಿಂಚಣಿ ಸೂಚಿಯಲ್ಲಿ ಮನೆತನದ ಹೆಸರು ‘ಕಿಂಗ್’. ಕ್ವಿಬೆಕ್‌ನ ಚರ್ಚ್ ದಾಖಲೆಗಳಲ್ಲಿ 1740ರಿಂದ 1760ರವರೆಗಿನ ದೀಕ್ಷಾಸ್ನಾನಗಳನ್ನು ಜಾಲಾಡಿದರೂ ಒಬ್ಬ ಕಿಂಗ್ ಸಿಗುತ್ತಿಲ್ಲ. ಎಲ್ಲಿ ತಪ್ಪಿದೆ?

ಉತ್ತರ 1:
ಹೆಸರು ಅನುವಾದವಾಗಿರಬಹುದು. ಫ್ರೆಂಚಿನಲ್ಲಿ ‘ರ್ವಾ’ ಎಂದರೆ ರಾಜ. ಚರ್ಚ್ ಪುಸ್ತಕದಲ್ಲಿ ಅದನ್ನು ಆರ್-ಒ-ವೈ ಎಂದು ಬರೆದಿರುತ್ತಾರೆ, ಹುಡುಕುವಾಗ ಅದೇ ಅಕ್ಷರ ಕೊಡಿ. ಬ್ವಾವೆರ್ ಗ್ರೀನ್‌ವುಡ್ ಆದದ್ದು ಹೀಗೆಯೇ. ಅನುವಾದವಾಗದೆ, ಕೇಳಿದ ಉಚ್ಚಾರದಂತೆ ಬರೆದು ಬೆನ್ವಾ ಬೆನ್‌ವೇ ಆದದ್ದೂ ಉಂಟು. ಜೊತೆಗೆ ‘ಡಿ’ (‘ಎಂದು ಕರೆಯುವ’ ಎಂಬರ್ಥದ ಫ್ರೆಂಚ್ ಪದ) ಸೇರಿದ ಜೋಡಿ ಹೆಸರುಗಳ ಕಾಟ: ‘ರ್ವಾ ಡಿ ದೆಜಾರ್ದಾಂ’ ಮನೆಯ ಒಬ್ಬ ಮಗ ರ್ವಾ ಆಗಿ, ಇನ್ನೊಬ್ಬ ದೆಜಾರ್ದಾಂ ಆಗಿ ಉಳಿಯಬಹುದು. ‘ಝಾಂ-ಬತೀಸ್ತ್’ ಎಂಬ ಮೊದಲ ಹೆಸರಿನ ಅರ್ಧವನ್ನೇ ಗುಮಾಸ್ತ ‘ಬ್ಯಾಟೀಸ್’ ಎಂದು ಮನೆತನದ ಹೆಸರಾಗಿ ಬರೆದುಕೊಂಡದ್ದೂ ಉಂಟು.

ಆದರೆ ಅವಸರ ಬೇಡ. ಆ ರೆಜಿಮೆಂಟ್ ಯಾವುದೇ ಒಂದು ರಾಜ್ಯಕ್ಕೆ ಸೇರಿರಲಿಲ್ಲ. 1776ರ ಕೊನೆಯ ನಂತರ ಪೆನ್ಸಿಲ್ವೇನಿಯಾ, ಮೇರಿಲ್ಯಾಂಡ್ ಕಡೆಯಿಂದಲೂ ಜನರನ್ನು ಸೇರಿಸಿಕೊಂಡಿತು. ನಿಮ್ಮ ಕಿಂಗ್ ನಿಜಕ್ಕೂ ಇಂಗ್ಲಿಷಿನವನೇ ಇರಬಹುದು. ಅಮೆರಿಕದ ರಾಷ್ಟ್ರೀಯ ದಾಖಲೆ ಭಂಡಾರದ ಎಂ881 ಮೈಕ್ರೋಫಿಲ್ಮಿನ ಸೇವಾ ಕಾರ್ಡಿನಲ್ಲಿ ಕಂಪನಿ ಕ್ಯಾಪ್ಟನ್ ಯಾರೆಂದು ನೋಡಿ. ಗೊಸ್ಲಾಂ, ಪೋಲಾಂ ಅಥವಾ ಲಿಯೆಬೆರ್ ಎಂದಿದ್ದರೆ ಕೆನಡಾದವನಾಗಿರುವ ಸಂಭವ ಬಹಳ ಹೆಚ್ಚು.

ಪ್ರಶ್ನೆ:
ಕ್ಯಾಪ್ಟನ್ ಗೊಸ್ಲಾಂ! ಆದರೆ ರ್ವಾ ಅಂತ ಹುಡುಕಿದರೆ ನೂರಾರು ಜನ. ಯಾರು ಇವನು?

ಉತ್ತರ 2:
ಹೆಂಡತಿಯ ಕಡೆಯಿಂದ ಬನ್ನಿ. ಸೂಚಿಯಲ್ಲಿ ನಿಲ್ಲದೆ ಎಂ804ರ (ಅದೇ ಭಂಡಾರದ ಪಿಂಚಣಿ ಅರ್ಜಿಗಳ ಮೈಕ್ರೋಫಿಲ್ಮ್) ಪೂರ್ತಿ ಕಡತ ತರಿಸಿ. ‘ಆಯ್ದ ಹಾಳೆಗಳು’ ಸಾಲವು. ಸಂಖ್ಯೆಯ ಮುಂದೆ ‘ಎಸ್’ ಇದ್ದರೆ ಸೈನಿಕನದೇ ಅರ್ಜಿ, ‘ಡಬ್ಲ್ಯೂ’ ವಿಧವೆಯದು, ‘ಆರ್’ ತಿರಸ್ಕೃತವಾದದ್ದು. ತಿರಸ್ಕೃತ ಕಡತವನ್ನು ಬಿಡಬೇಡಿ, ಸಾಬೀತು ಮಾಡಲು ಒದ್ದಾಡಿದವರೇ ಹೆಚ್ಚು ಕಾಗದ ಕೊಟ್ಟಿರುತ್ತಾರೆ. ವಿಧವೆಯ ಕಡತದಲ್ಲಿ ಮದುವೆಯ ಸಾಕ್ಷ್ಯ ಇರಬೇಕು, ಅಲ್ಲಿ ಅವಳ ತವರಿನ ಹೆಸರು ಸಿಗಬಹುದು. 1820ರ ಪಿಂಚಣಿ ಕಾಯ್ದೆಯಂತೆ ಕೊಟ್ಟ ಆಸ್ತಿ ಪಟ್ಟಿಯಲ್ಲಿ ಮನೆಮಂದಿಯ ಹೆಸರು, ವಯಸ್ಸು ಸಿಗುವುದುಂಟು. 1800ರ ನವೆಂಬರಿನಲ್ಲಿ ಯುದ್ಧ ಇಲಾಖೆಯ ಕಚೇರಿ ಸುಟ್ಟುಹೋದ್ದರಿಂದ ಅದಕ್ಕೂ ಹಿಂದಿನ ಅರ್ಜಿ ಹುಡುಕಿ ಸಮಯ ಕಳೆಯಬೇಡಿ.

ಕ್ವಿಬೆಕ್ ಕ್ಯಾಥೊಲಿಕ್ ದಾಖಲೆಯಲ್ಲಿ ಹೆಂಗಸರು ಮದುವೆಯಾದ ಮೇಲೂ ತವರಿನ ಹೆಸರನ್ನೇ ಇಟ್ಟುಕೊಂಡಿರುತ್ತಾರೆ. ಕ್ವಿಬೆಕ್‌ನ ಹಳೆಯ ಚರ್ಚ್ ದಾಖಲೆಗಳನ್ನು ಒಟ್ಟುಗೂಡಿಸಿದ, ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಿಆರ್‌ಡಿಎಚ್ ದತ್ತಾಂಶದಲ್ಲಿ ಗಂಡನ ಮನೆತನದ ಹೆಸರು ಖಾಲಿ ಬಿಟ್ಟು, ಅವನ ಮೊದಲ ಹೆಸರು ಮತ್ತು ಹೆಂಡತಿಯ ಪೂರ್ತಿ ಹೆಸರು ಹಾಕಿ. ಮದುವೆ ನಮೂದು ಸಿಕ್ಕಿತೆಂದರೆ ಸಾಮಾನ್ಯವಾಗಿ ಎರಡೂ ಕಡೆಯ ತಂದೆತಾಯಿ ಅಲ್ಲೇ ಇರುತ್ತಾರೆ.

ಉತ್ತರ 1:
ದಂಪತಿ ಸಿಕ್ಕ ಮೇಲೆ ಮಕ್ಕಳ ದೀಕ್ಷಾಸ್ನಾನಗಳನ್ನು ವರ್ಷದ ಪ್ರಕಾರ ಬರೆದುಕೊಳ್ಳಿ. 1776ರಿಂದ 1783ರವರೆಗೆ ಕ್ವಿಬೆಕ್‌ನಲ್ಲಿ ಏನೂ ಇಲ್ಲದಿದ್ದರೆ ಕುಟುಂಬವೂ ಸೇನೆಯ ಹಿಂದೆ ಹೋಗಿರಬಹುದು. ಆಗ ಫಿಲಡೆಲ್ಫಿಯಾದ ಪಾದ್ರಿ ಫರ್ಡಿನಾಂಡ್ ಫಾರ್ಮರ್ ಅವರ ಪುಸ್ತಕ ನೋಡಿ. ಅವರು 1781ರಲ್ಲಿ ನ್ಯೂಯಾರ್ಕಿನ ಫಿಶ್‌ಕಿಲ್‌ನಲ್ಲಿ ಕೆನಡಾ ನಿರಾಶ್ರಿತರ (ಅಮೆರಿಕದ ಪರ ನಿಂತು ಊರು ಬಿಟ್ಟವರು) ಮಕ್ಕಳಿಗೆ ದೀಕ್ಷಾಸ್ನಾನ ಕೊಟ್ಟಿದ್ದಾರೆ. ಅಲ್ಲಿಂದ ಮುಂದೆ ಶಾಂಪ್ಲೇನ್ ಸರೋವರದ ದಡದ ನಿರಾಶ್ರಿತರ ಭೂಮಿಯ ಹಂಚಿಕೆ ಪಟ್ಟಿ, ಮತ್ತು ನ್ಯೂಯಾರ್ಕಿನ ಕ್ಲಿಂಟನ್ ಕೌಂಟಿಯ 1790ರ ಜನಗಣತಿ ನೋಡಿ. ಮೂರರಲ್ಲೂ ಹೆಸರಿನ ಕಾಗುಣಿತ ಬೇರೆಬೇರೆ ಇರುತ್ತದೆ, ಆದ್ದರಿಂದ ಬರೆದ ಅಕ್ಷರ ನಂಬದೆ ಬಾಯಲ್ಲಿ ಜೋರಾಗಿ ಹೇಳಿ ಹೋಲಿಸಿ.