ಸರಿಯಾದ ಪಿನ್ ಹಾಕಿದ್ರೂ ತಪ್ಪು ಅಂತಿದೆ, ಅಪ್ಪನ ಫೋನ್ ತೆರೀತಿಲ್ಲ

ಸಾಗರದವ:
ನಿನ್ನೆ ರಾತ್ರಿ ಅಪ್‌ಡೇಟ್ ಆಗಿ ಫೋನ್ ರೀಸ್ಟಾರ್ಟ್ ಆಯ್ತು. ಆಗಿಂದ ಬೆರಳು ಇಟ್ರೆ ತಗೋತಿಲ್ಲ, ಪಿನ್ ಕೇಳ್ತಿದೆ. ಪಿನ್ ನಾನೇ ಇಟ್ಟಿದ್ದು, ಅಪ್ಪನಿಗೂ ಬಾಯಿಪಾಠ. ಆದ್ರೂ ತಪ್ಪು ಅಂತಿದೆ. ಅಡಿಕೆ ಮಂಡಿ ಬಿಲ್‌ಗಳ ಫೋಟೋ, ಪಹಣಿ, ಅಮ್ಮನ ಆಸ್ಪತ್ರೆ ರಿಪೋರ್ಟ್ ಎಲ್ಲ ಅದರಲ್ಲೇ ಇದೆ. ತಲೆ ಕೆಟ್ಟು ಹೋಗಿದೆ, ಯಾರಾದ್ರೂ ದಾರಿ ಹೇಳಿ.

ರಿಪೇರಿ ಮಾವ:
ಟೆಂಪರ್ಡ್ ಗ್ಲಾಸ್ ಹಾಕ್ಸಿದೀರಾ? ಅಂಚು ಎದ್ದು ತೇವ ಸೇರಿದ್ರೆ ಒಂದು ಅಂಕಿ ಒತ್ತಿದ್ರೆ ಇನ್ನೊಂದು ಬೀಳುತ್ತೆ. ಕಿತ್ತು, ಒಣ ಬಟ್ಟೇಲಿ ಒರೆಸಿ ನೋಡಿ.

ಧಾರವಾಡಿ:
ಯಾವ ಫೋನ್ ರೀ? ಸ್ಕ್ರೀನ್ ಮ್ಯಾಲ ಏನ್ ಬರದೈತಿ, ಇದ್ದದ್ದು ಇದ್ದಂಗ ಹೇಳ್ರಿ.

ಸಾಗರದವ:
ಗ್ಲಾಸ್ ಕಿತ್ತೆ, ಅದೇ ಕಥೆ. ಪಿನ್ ಹಾಕಿ ಅಂತ ಬರ್ತಿದೆ, ಇನ್ನೇನು ಬರುತ್ತೆ?

ರಿಪೇರಿ ಮಾವ:
ಹಾಗಾದ್ರೆ ಟಚ್ಚೇ ಹೋಗಿದೆ. ಒಂದು ಸಲ ಒತ್ತಿದ್ರೆ ಎರಡು ಚುಕ್ಕಿ ಬೀಳ್ತಿದೆಯಾ ನೋಡಿ. ಒಟಿಜಿ ಕೇಬಲ್ಲಲ್ಲಿ (ಫೋನಿಗೆ ಮೌಸ್, ಪೆನ್‌ಡ್ರೈವ್ ಜೋಡಿಸೋ ವೈರು) ಮೌಸ್ ಹಾಕಿ, ಅದ್ರಲ್ಲಿ ಕ್ಲಿಕ್ ಮಾಡಿ ಪಿನ್ ಕೊಡಿ. ಇಂಥ ಕೇಸ್ ಅಂಗಡೀಲಿ ದಿನಾ ನೋಡ್ತೀನಿ.

ಬೈಟ್ ಗೌಡ:
ಇಷ್ಟೆಲ್ಲ ಯಾಕೆ? ರಿಕವರಿ ಮೆನುಗೆ ಹೋಗಿ ಫ್ಯಾಕ್ಟರಿ ರೀಸೆಟ್ ಹೊಡೀರಿ, ಎಲ್ಲ ಅಳಿಸಿ ಹೊಸ ಫೋನಿನಂಗೆ ಆಗುತ್ತೆ. ಡೇಟಾ ಆಮೇಲೆ ಸಾಫ್ಟ್‌ವೇರ್ ಹಾಕಿ ವಾಪಸ್ ತೆಗೀಬಹುದು.

ಕರಾವಳಿ ಕೋಡರ್:
ದಯವಿಟ್ಟು ರೀಸೆಟ್ ಮಾಡ್ಬೇಡಿ. ಆಂಡ್ರಾಯ್ಡ್ 10ರ ಜೊತೆ ಬಂದ ಫೋನ್‌ಗಳಿಂದ ಈಚೆಗೆ ಎನ್‌ಕ್ರಿಪ್ಶನ್, ಅಂದ್ರೆ ಡೇಟಾನ ಕೀಲಿ ಇಲ್ದೆ ಓದೋಕಾಗದ ಹಾಗೆ ಇಡೋದು, ಕಡ್ಡಾಯ. ನಿಮ್ಮ ಪಿನ್ ಮತ್ತು ಫೋನಿನ ಚಿಪ್ಪಲ್ಲಿರೋ ಗುಟ್ಟು ಎರಡೂ ಸೇರಿದ್ರೆ ಮಾತ್ರ ಫೋಟೋಗಳ ಕೀಲಿ ಸಿಗೋದು. ರೀಸೆಟ್ ಆದ್ರೆ ಆ ಕೀಲಿಯೇ ಅಳಿಸಿಹೋಗುತ್ತೆ, ಯಾವ ಸಾಫ್ಟ್‌ವೇರೂ ಏನೂ ತೆಗೆಯಲ್ಲ. ಮೇಲಿಂದ ಹಳೇ ಗೂಗಲ್ ಖಾತೆ ಬೇರೆ ಕೇಳುತ್ತೆ. ರೀಸ್ಟಾರ್ಟ್ ಆದ್ಮೇಲೆ ಬೆರಳು ತಗೊಳ್ದಿರೋದಕ್ಕೂ ಇದೇ ಕಾರಣ, ಮೊದಲ ಸಲ ಪಿನ್ನೇ ಕೊಡ್ಬೇಕು. ಅದು ಫೋನ್ ಕೆಟ್ಟಿರೋ ಲಕ್ಷಣ ಅಲ್ಲ.

ಬೈಟ್ ಗೌಡ:
ನಾನು 2014ರ ಫೋನಲ್ಲಿ ರೀಸೆಟ್ ಮಾಡಿ ಫೋಟೋ ವಾಪಸ್ ತೆಗೆದಿದ್ದೀನಿ.

ಕರಾವಳಿ ಕೋಡರ್:
ಆಗಿನ ಬಹುಪಾಲು ಫೋನಲ್ಲಿ ಎನ್‌ಕ್ರಿಪ್ಶನ್ ಆನ್ ಇರ್ತಿರಲಿಲ್ಲ. ಈಗಿಂದಕ್ಕೆ ಅದನ್ನ ಹೋಲಿಸ್ಬೇಡಿ.

ಸಾಗರದವ:
ಮೌಸಲ್ಲೂ ಆಗ್ಲಿಲ್ಲ. ಈಗ ಕೆಳಗೆ "1 ಪ್ರಯತ್ನ ಉಳಿದಿದೆ" ಅಂತ ಬಂದಿದೆ. ಕೈ ನಡುಗ್ತಿದೆ.

ಧಾರವಾಡಿ:
ನಿಲ್ರಿ, ಇನ್ನೊಮ್ಮೆ ಹಾಕಬ್ಯಾಡ್ರಿ! ಸ್ಕ್ರೀನ್ ಲಾಕ್ ಪಿನ್ ಮ್ಯಾಲಿಂದ ಮ್ಯಾಲ ತಪ್ಪಿದ್ರ ಆಂಡ್ರಾಯ್ಡ್ ಸಾಮಾನ್ಯಾಗಿ 30 ಸೆಕೆಂಡ್ ತಡೀರಿ ಅಂತೈತಿ. ಹಿಂಗ ಮೂರರಿಂದ ಇಳಕೋತ ಬರೂದು ಸಿಮ್ ಪಿನ್, ಅಂದ್ರ ಸಿಮ್‌ಗೇ ಹಾಕಿದ ಬ್ಯಾರೆ ಬೀಗ. ಅಂಕಿಗಳ ಮ್ಯಾಲ ಸಣ್ಣ ಸಿಮ್ ಚಿತ್ರ ಐತೇನು? ಇತ್ತೀಚಿಗೆ ಸಿಮ್ ಬದಲಾಯಿಸೀರೇನು?

ಸಾಗರದವ:
ಹೌದು, ಚಿತ್ರ ಇದೆ! ಹೋದ ವಾರ 5ಜಿ ಸಿಮ್ ತಗೊಂಡ್ವಿ. ಅಂಗಡಿ ಹುಡುಗ ಸೆಟ್ಟಿಂಗ್ಸಲ್ಲಿ "ಎಲ್ಲ ಸೇಫ್ ಮಾಡಿಕೊಟ್ಟಿದ್ದೀನಿ" ಅಂದಿದ್ದ. ಬೇರೆ ಪಿನ್ ಇದೆ ಅಂತ ಹೇಳೇ ಇಲ್ಲ.

ಧಾರವಾಡಿ:
ಫೋನ್ ಆಫ್ ಮಾಡಿ ಸಿಮ್ ತಗದು ಆನ್ ಮಾಡ್ರಿ. ನಿಮ್ಮ ಪಿನ್ ತಗೋತೈತಿ, ಫೋಟೋ ಎಲ್ಲಾ ಇದ್ದಲ್ಲೇ ಇರ್ತಾವ. ಆಮ್ಯಾಲ ಬ್ಯಾರೆ ಫೋನಿಂದ ಕಸ್ಟಮರ್ ಕೇರ್‌ಗೆ ಹಚ್ಚಿ, ಸಿಮ್ ಪಿನ್ ಬೀಗ ಬಿಚ್ಚೂ 8 ಅಂಕಿ ಕೋಡ್, ಪಿಯುಕೆ, ಕೇಳ್ರಿ. ಸಿಮ್ ಬಂದ ಕಾರ್ಡ್ ಮ್ಯಾಲೂ ಇರಬಹುದು. ಪಿಯುಕೆ ಅಂದಾಜಿಗೆ ಹೊಡೀಬ್ಯಾಡ್ರಿ, 10 ಸಲ ತಪ್ಪಿದ್ರ ಸಿಮ್ ಸತ್ತಂಗ. ಅದೇ ನಂಬರಿಗೆ ಹೊಸಾ ಸಿಮ್ ತಗೊಂಡ್ರ 24 ತಾಸು ಎಸ್ಎಂಎಸ್ ಬರೂದಿಲ್ಲ, ಬ್ಯಾಂಕ್ ಒಟಿಪಿನೂ ಇಲ್ಲ.

ಸಾಗರದವ:
ಒಳಗೆ ಹೋಯ್ತು ಸರ್! ಎಲ್ಲ ಇದೆ, ಅಮ್ಮನ ರಿಪೋರ್ಟೂ ಇದೆ. ಪಿಯುಕೆ ಸಿಕ್ಕ ತಕ್ಷಣ ಆ ಸಿಮ್ ಲಾಕ್ ತೆಗೆಸಿಬಿಡ್ತೀನಿ.

ಕರಾವಳಿ ಕೋಡರ್:
ತೆಗೀಬೇಡಿ, ನಿಮಗೆ ನೆನಪಿರೋ ಪಿನ್ ಇಟ್ಕೊಳ್ಳಿ. ಫೋನ್ ಕದ್ದವನು ಸಿಮ್ ತನ್ನ ಫೋನಿಗೆ ಹಾಕಿದ್ರೆ ಒಟಿಪಿಗಳೆಲ್ಲ ಅವನಿಗೇ ಹೋಗುತ್ತೆ. ಸ್ಕ್ರೀನ್ ಲಾಕ್ ಅದನ್ನ ತಡೆಯಲ್ಲ.

ರಿಪೇರಿ ಮಾವ:
ವಯಸ್ಸಾದವರಿಗೆ ಎರಡೆರಡು ಪಿನ್ ಹೊರೆ. ಯುಪಿಐ ಪಿನ್ ಬದಲಿಸೋಕೆ ಒಟಿಪಿ ಸಾಲಲ್ಲ, ಡೆಬಿಟ್ ಕಾರ್ಡ್ ಅಥವಾ ಆಧಾರ್ ವಿವರವೂ ಬೇಕು.

ಕರಾವಳಿ ಕೋಡರ್:
ಆಧಾರ್ ಪ್ರತಿ, ಕಾರ್ಡು ಎಷ್ಟೋ ಜನ ಫೋನ್ ಕವರ್ ಒಳಗೇ ಇಟ್ಕೊಂಡಿರ್ತಾರೆ.

ಬೈಟ್ ಗೌಡ:
ನಂದು ಪಿಕ್ಸೆಲ್, 12 ಅಕ್ಷರದ ಪಾಸ್‌ವರ್ಡ್, ಲಾಗಿನ್‌ಗೆ ಚುಚ್ಚೋ ಎರಡು ಸೆಕ್ಯುರಿಟಿ ಕೀ, ಬ್ಯಾಂಕಿಗೆ ಬೇರೆ ಫೋನು. ನಾಲ್ಕು ಅಂಕಿ ಪಿನ್ ಅಂದ್ರೆ ಬರೀ 10,000 ಸಾಧ್ಯತೆ, ಆರು ಅಂದ್ರೆ 10 ಲಕ್ಷ. ನಾಲ್ಕು ಇಟ್ಟಿರೋರು ಇವತ್ತೇ ಬದಲಿಸಿ.

ಮೈಸೂರ್ ಮಧ್ಯಾಹ್ನ:
ಮಧ್ಯೆ ಬರ್ತಿದ್ದೀನಿ, ಕ್ಷಮಿಸಿ. ನಂದು ಐಫೋನ್. ನಿನ್ನೆ ಪಾಸ್‌ಕೋಡ್ ಬದಲಿಸಿದೆ, ಹೊಸದು ಮರೆತೇ ಹೋಗಿದೆ. ಏನು ಮಾಡ್ಲಿ?

ಧಾರವಾಡಿ:
ಐಒಎಸ್ 17 ಇಲ್ಲಾ ಮುಂದಿಂದು ಇದ್ರ ಬದಲಿಸಿ 72 ತಾಸಿನ ಒಳಗ ಹಳೇದು ನಡೀತೈತಿ. ತಪ್ಪಾದ ಮ್ಯಾಲ "ಪಾಸ್‌ಕೋಡ್ ಮರೆತಿರಾ" ಒತ್ರಿ, ಹಳೇ ಪಾಸ್‌ಕೋಡ್ ಹಾಕೂದು ಬರ್ತೈತಿ. ಯಾವ ಐಒಎಸ್, ಯಾವಾಗ ಬದಲಿಸಿದ್ದು, ಸ್ಕ್ರೀನ್ ಮ್ಯಾಲ ಏನ್ ಬರದೈತಿ? ಹೊಸಾ ಥ್ರೆಡ್ ಹಾಕಿ ಅಲ್ಲೇ ಬರೀರಿ.