ಶುಗರ್ ಇಳಿದು ಕೆಂಚ ತೂರಾಡಿದ. ರಾತ್ರಿ ಹೊತ್ತು ಹೀಗಾದರೆ ಏನು ಮಾಡೋದು?

ಕೆಂಚನ ಮನೆ, ಸಾಗರ

ಎಲ್ಲರಿಗೂ ನಮಸ್ಕಾರ. ನಮ್ಮ ಬೆಕ್ಕು ಕೆಂಚನಿಗೆ ಒಂಬತ್ತು ವರ್ಷ. ಆಪರೇಷನ್ ಆದ ಗಂಡು, ತೂಕ 6 ಕೆಜಿ ಮೇಲೆ. ಮಳೆಗಾಲದಲ್ಲಿ ಸಿಕ್ಕಾಪಟ್ಟೆ ನೀರು ಕುಡಿಯಲು ಶುರು ಮಾಡಿದ. ಟೆಸ್ಟ್ ಮಾಡಿಸಿದಾಗ ಸಕ್ಕರೆ ಕಾಯಿಲೆ ಅಂತ ಗೊತ್ತಾಯಿತು. ಈಗ ಗ್ಲಾರ್ಜಿನ್ ಇನ್ಸುಲಿನ್ ನಡೆಯುತ್ತಿದೆ, ಬೆಳಿಗ್ಗೆ 2 ಯೂನಿಟ್, ಸಂಜೆ 2 ಯೂನಿಟ್.

ಭಾನುವಾರ ಬೆಳಿಗ್ಗೆ ಏಳಕ್ಕೆ ಊಟ ಹಾಕಿ ಇಂಜೆಕ್ಷನ್ ಕೊಟ್ಟೆ. ಹನ್ನೊಂದರ ಹೊತ್ತಿಗೆ ಅಡುಗೆಮನೆಗೆ ಬಂದು ಒಂದೇ ಸಮ ಕೂಗಿದ. ಹಸಿವೇನೋ ಅಂದುಕೊಂಡೆ. ನೋಡಿದರೆ ಹಿಂಗಾಲು ನಿಲ್ಲುತ್ತಿಲ್ಲ, ಹೆಂಡ ಕುಡಿದವರ ಹಾಗೆ ತೂರಾಡುತ್ತಿದ್ದಾನೆ. ಕಣ್ಣಿನ ಪಾಪೆ ಇಷ್ಟಗಲ ಆಗಿದೆ. ಮಾವನವರ ಶುಗರ್ ಮೀಟರ್ ತಂದು ಕಿವಿಯ ಅಂಚಿನಲ್ಲಿ ಚುಚ್ಚಿ ನೋಡಿದೆ, 46. ಜೇನುತುಪ್ಪವನ್ನು ಬೆರಳಲ್ಲಿ ತೆಗೆದು ವಸಡಿಗೆ ಸವರಿದೆ. ಸ್ವಲ್ಪ ಹೊತ್ತಿಗೆ ಎದ್ದು ಕೂತ, ಊಟನೂ ಮಾಡಿದ. ಅಷ್ಟರಲ್ಲಿ ಅತ್ತೆ ದೃಷ್ಟಿ ತೆಗೆಯಲು ಉಪ್ಪು, ಮೆಣಸಿನಕಾಯಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಇಬ್ಬರ ಔಷಧಿಯೂ ಆಯಿತು ಅನ್ನಿ.

ಸಂಜೆ ನೋಡಿದರೆ 370! ಈಗ ಡೋಸ್ ಜಾಸ್ತಿ ಮಾಡಬೇಕೋ, ಕಡಿಮೆ ಮಾಡಬೇಕೋ? ಹೆದರಿ ಸಂಜೆಯದು ಕೊಡಲೇ ಇಲ್ಲ. ನಮ್ಮ ಡಾಕ್ಟರ್ ಸೋಮವಾರ ಸಿಗುತ್ತಾರೆ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಹೋಗಬೇಕೆಂದರೆ 70 ಕಿ.ಮೀ. ದೂರ. ನಡುರಾತ್ರಿ ಹೀಗಾದರೆ ಮನೆಯಲ್ಲೇ ಏನು ಮಾಡಬಹುದು ಹೇಳಿ.

ತುಂಗಾತೀರ

ಮೊದಲು ಒಂದು ಮಾತು ಮೇಡಂ. ಸಂಜೆಯ ಇಂಜೆಕ್ಷನ್ ಬಿಟ್ಟಿದ್ದು ಸರಿ. ಒಂದು ಹೊತ್ತು ಇನ್ಸುಲಿನ್ ತಪ್ಪಿದರೆ ಬೆಕ್ಕಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಜಾಸ್ತಿ ಹೋದರೆ ಜೀವಕ್ಕೇ ಬರುತ್ತದೆ. ಕೊಟ್ಟೆನೋ ಇಲ್ಲವೋ ಅಂತ ಅನುಮಾನ ಬಂದರೂ ಅಷ್ಟೇ, ಕೊಡಬೇಡಿ. ನಮ್ಮ ಸುಬ್ಬಿಗೆ ಶುಗರ್ ಇದ್ದಾಗ ಬೆಳಗಿನ ಡ್ಯೂಟಿ ನನ್ನದು, ಸಂಜೆಯದು ನನ್ನ ಹೆಂಡತಿಯದು. ಫ್ರಿಜ್ ಮೇಲಿನ ಕ್ಯಾಲೆಂಡರ್‌ನಲ್ಲಿ ಗೀಟು ಹಾಕದೆ ಸೂಜಿ ಮುಟ್ಟುವಂತಿಲ್ಲ ಅಂತ ಮನೆಯಲ್ಲಿ ಕಾನೂನು. ಮನುಷ್ಯರಿಬ್ಬರೂ ಒಂದೇ ಬೆಕ್ಕಿಗೆ ಒಂದೊಂದು ಸಲ ಚುಚ್ಚಿ ಕೂತ ಕಥೆಗಳು ನನಗೆ ಗೊತ್ತು.

ಇನ್ನು ರಾತ್ರಿಯ ವಿಷಯ. ಲಕ್ಷಣ ಕಂಡರೆ ಮೀಟರ್ ಹುಡುಕುತ್ತಾ ಹೊತ್ತು ಕಳೆಯಬೇಡಿ. ಮನುಷ್ಯರ ಮೀಟರ್ ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ಕಡಿಮೆಯೇ ತೋರಿಸುತ್ತದೆ. ಹಾಗಾಗಿ ನಿಮ್ಮ 46 ನಿಜದಲ್ಲಿ ಇನ್ನೂ ಸ್ವಲ್ಪ ಮೇಲಿತ್ತೇನೋ. ಆದರೆ ತೂರಾಡುವ ಬೆಕ್ಕಿನ ಮುಂದೆ ಆ ಲೆಕ್ಕ ಯಾಕೆ? ಮೊದಲು ಸಿಹಿ, ಆಮೇಲೆ ಸ್ಟ್ರಿಪ್.

ಎಚ್ಚರ ಇದ್ದು, ತಾನೇ ತಿನ್ನುವ ಹಾಗಿದ್ದರೆ ಊಟವನ್ನೇ ಇಡಿ. ಅದಕ್ಕೆ ಸ್ವಲ್ಪ ಜೇನು ಬೆರೆಸಿದರೂ ಆಗುತ್ತದೆ. ತಿನ್ನದಿದ್ದರೆ, ಮಂಕಾಗಿದ್ದರೆ, ಅರ್ಧ ಚಮಚದಷ್ಟು ಜೇನನ್ನು ಸ್ವಲ್ಪ ಸ್ವಲ್ಪವೇ ವಸಡಿಗೆ ಸವರಿ. ಗ್ಲೂಕೋಸ್ ಪುಡಿ ಇದ್ದರೆ ಕೆಲವು ಹನಿ ನೀರಲ್ಲಿ ಕಲಸಿ ಗಟ್ಟಿಯಾಗಿ ಹಚ್ಚಬಹುದು. ಶುಗರ್ ಇರುವ ಹಿರಿಯರ ಮನೆಗಳಲ್ಲಿ ಶುಗರ್‌ಫ್ರೀ ಡಬ್ಬಿಯೂ ಪಕ್ಕದಲ್ಲೇ ಇರುತ್ತದೆ, ಗಾಬರಿಯಲ್ಲಿ ಅದನ್ನು ಎತ್ತಿಕೊಂಡು ಬರಬೇಡಿ, ಅದರಿಂದ ಶುಗರ್ ಏರುವುದಿಲ್ಲ.

ಫಿಟ್ಸ್ ಬಂದರೆ ಅಥವಾ ಎಚ್ಚರ ತಪ್ಪಿದ್ದರೆ ಬಾಯಿಗೆ ನೀರು, ಹಾಲು ಏನನ್ನೂ ಹೊಯ್ಯಬಾರದು. ಶ್ವಾಸಕೋಶಕ್ಕೆ ಇಳಿಯುತ್ತದೆ. ಹಲ್ಲಿನ ನಡುವೆ ಬೆರಳು ಇಡಲೂಬಾರದು, ಅದು ಕಚ್ಚುವುದು ಅದಕ್ಕೇ ಗೊತ್ತಿರುವುದಿಲ್ಲ. ಪಕ್ಕಕ್ಕೆ ಮಲಗಿಸಿ, ತುಟಿ ಎತ್ತಿ, ಹಲ್ಲಿನ ಹೊರಗಡೆ ವಸಡಿಗೆ ಕಿವಿ ಸ್ವಚ್ಛ ಮಾಡುವ ಹತ್ತಿಕಡ್ಡಿಯಲ್ಲಿ ಜೇನು ಸವರಿ. ಆಮೇಲೆ ಟವೆಲ್‌ನಲ್ಲಿ ಸುತ್ತಿ ಹೊರಡುವುದೇ. 70 ಕಿಲೋಮೀಟರ್ ಆದರೂ ಸರಿ. ದಾರಿಯಲ್ಲೂ ಆಗಾಗ ಸವರುತ್ತಾ ಇರಿ. ಹೊರಡುವ ಮೊದಲು ಫೋನ್ ಮಾಡಿ, ಯಾರಾದರೂ ಇದ್ದಾರಾ ಅಂತ ಖಾತ್ರಿ ಮಾಡಿಕೊಳ್ಳಿ.

ಇನ್ನೊಂದು ವಿಷಯ ಜನ ಮರೆಯುತ್ತಾರೆ. ಜೇನಿನ ಕೆಲಸ ಸ್ವಲ್ಪ ಹೊತ್ತು ಮಾತ್ರ. ಇನ್ಸುಲಿನ್ ಗಂಟೆಗಟ್ಟಲೆ ಒಳಗೇ ಇರುತ್ತದೆ. ಎದ್ದು ಕೂತ ಅಂತ ನೀವು ಹೋಗಿ ಮಲಗಿದರೆ ಮತ್ತೆ ಇಳಿಯಬಹುದು. ಎದ್ದ ಕೂಡಲೇ ಊಟ ಹಾಕಿ. 15-20 ನಿಮಿಷಕ್ಕೊಮ್ಮೆ ಚುಚ್ಚಿ ನೋಡಿ. ಏರಿ ನಿಂತ ಮೇಲೆ ಗಂಟೆಗೊಮ್ಮೆ ಸಾಕು. ಕಿವಿ ತಣ್ಣಗಿದ್ದರೆ ರಕ್ತ ಬರುವುದಿಲ್ಲ, ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಒಂದು ನಿಮಿಷ ಒತ್ತಿ ಹಿಡಿಯಿರಿ.

ಮತ್ತೆ, ನಿಮ್ಮ ಸಿರಿಂಜ್ ಮುಚ್ಚಳದ ಬಣ್ಣ ಯಾವುದು? ದಯವಿಟ್ಟು ಹೇಳಿ.

ಹಳೇ ಸ್ಟೆತಸ್ಕೋಪ್

ನಾನು ಪಶುವೈದ್ಯ, ಈಗ ನಿವೃತ್ತ. ತುಂಗಾತೀರ ಅವರು ಸಿರಿಂಜ್ ಬಗ್ಗೆ ಕೇಳಿದ್ದು ಬಹಳ ಮುಖ್ಯ. ನಮ್ಮಲ್ಲಿ ಎರಡು ಥರದ ಇನ್ಸುಲಿನ್ ಸಿರಿಂಜ್ ಸಿಗುತ್ತದೆ. ಕೆಂಪು ಮುಚ್ಚಳದ್ದು ಮಿಲಿಗೆ 40 ಯೂನಿಟ್ ಇರುವ ಇನ್ಸುಲಿನ್‌ಗೆ, ಕಿತ್ತಳೆ ಮುಚ್ಚಳದ್ದು ಮಿಲಿಗೆ 100 ಯೂನಿಟ್ ಇರುವುದಕ್ಕೆ. ಔಷಧಿ ಅಂಗಡಿಯಲ್ಲಿ ಸುಮ್ನೆ ಇನ್ಸುಲಿನ್ ಸಿರಿಂಜ್ ಅಂತ ಕೇಳಿದರೆ ಕೆಂಪಿನದು ಕೈಗೆ ಬರಬಹುದು. 100ರ ಗ್ಲಾರ್ಜಿನ್ ಅನ್ನು ಅದರಲ್ಲಿ 2ರ ಗೀಟಿಗೆ ಎಳೆದರೆ ನಿಜವಾಗಿ ಹೋಗುವುದು 5 ಯೂನಿಟ್. ಬಾಟಲಿಯ ಮೇಲಿನ ಸಂಖ್ಯೆ, ಸಿರಿಂಜ್ ಮೇಲಿನ ಸಂಖ್ಯೆ, ಎರಡೂ ಒಂದೇ ಇರಬೇಕು.

ಆ 370ರ ಬಗ್ಗೆ. ಶುಗರ್ ತೀರಾ ಇಳಿದಾಗ ದೇಹ ಸುಮ್ಮನಿರುವುದಿಲ್ಲ. ಅಡ್ರಿನಾಲಿನ್, ಗ್ಲುಕಗಾನ್ ಅನ್ನುವ ಹಾರ್ಮೋನುಗಳು ಹೊರಬಂದು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡಿಸುತ್ತವೆ. ಅದರ ಮೇಲೆ ನೀವು ಕೊಟ್ಟ ಜೇನು, ಊಟ. ಇದಕ್ಕೆ ಬೆಕ್ಕಿನ ಗಾಬರಿಯೂ ಸೇರುತ್ತದೆ. ಹೆದರಿದ ಬೆಕ್ಕಿಗೆ ಕಾಯಿಲೆ ಇಲ್ಲದೆಯೂ ಶುಗರ್ ಏರುತ್ತದೆ. ಒಂದೆರಡು ದಿನ ಈ ಏರು ಇರಬಹುದು. ಅದನ್ನು ನೋಡಿ ಡೋಸ್ ಜಾಸ್ತಿ ಮಾಡಿದರೆ ಮತ್ತೆ ತೂರಾಟವೇ.

ಒಂದು ಪ್ರಶ್ನೆ: ಇತ್ತೀಚೆಗೆ ಊಟ ಬದಲಾಯಿಸಿದ್ದೀರಾ? ತುರಿಕೆಗೋ ಬೇರೆಯದಕ್ಕೋ ಸ್ಟೆರಾಯ್ಡ್ ಕೊಡುತ್ತಿದ್ದು ನಿಲ್ಲಿಸಿದ್ದೀರಾ?

ಕೆಂಚನ ಮನೆ, ಸಾಗರ

ಮುಚ್ಚಳ ಕಿತ್ತಳೆ, ಸಿರಿಂಜ್ ಮೇಲೂ ಬಾಟಲಿ ಮೇಲೂ 100 ಅಂತಲೇ ಇದೆ. ಸ್ಟೆರಾಯ್ಡ್ ಕೊಟ್ಟಿಲ್ಲ. ಆದರೆ ಊಟ ಬದಲಾಗಿದೆ ಸರ್. ಒಣ ಕಾಳಿನಂಥ ಆಹಾರ ಪೂರ್ತಿ ನಿಲ್ಲಿಸಿ, ಬೇಯಿಸಿದ ಕೋಳಿ, ಜೊತೆಗೆ ಪೌಚ್‌ನಲ್ಲಿ ಬರುವ ಮೆದು ಊಟ ಕೊಡುತ್ತಿದ್ದೇನೆ. ಶುಗರ್ ಇರುವ ಬೆಕ್ಕಿಗೆ ಅದೇ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರಲ್ವಾ? ಅವನೂ ಖುಷಿಯಾಗಿದ್ದಾನೆ, ನೀರು ಕುಡಿಯೋದು ಕಡಿಮೆಯಾಗಿದೆ.

ಹಳೇ ಸ್ಟೆತಸ್ಕೋಪ್

ಕಾರಣ ಅಲ್ಲೇ ಇದ್ದಂತಿದೆ. ಊಟ ಒಳ್ಳೆಯದೇ, ಆದರೆ ಡೋಸ್ ಹಳೆಯ ಊಟದ್ದು. ಒಣ ಕಾಳನ್ನು ಕಟ್ಟಲು ಪಿಷ್ಟ ಬೇಕೇ ಬೇಕು. ಅದು ನಿಂತ ಕೂಡಲೇ ಬೆಕ್ಕಿಗೆ ಬೇಕಾದ ಇನ್ಸುಲಿನ್ ಕೆಲವೊಮ್ಮೆ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ನೀರು ಕುಡಿಯುವುದು ಕಡಿಮೆಯಾಗಿದೆ ಅಂದಿರಲ್ಲ, ಶುಗರ್ ಇಳಿಯುತ್ತಿದೆ ಅನ್ನುವುದಕ್ಕೆ ಅದೂ ಒಂದು ಸೂಚನೆಯೇ.

ಮನುಷ್ಯರ ಸಕ್ಕರೆ ಕಾಯಿಲೆಯನ್ನು ನೋಡಿ ಅಭ್ಯಾಸವಾದವರಿಗೆ ಇದು ವಿಚಿತ್ರ ಅನ್ನಿಸಬಹುದು. ಬೇಗ ಚಿಕಿತ್ಸೆ ಶುರುವಾಗಿ, ಪಿಷ್ಟ ಕಡಿಮೆ ಇರುವ ಊಟ ಸಿಕ್ಕ ಬೆಕ್ಕುಗಳಲ್ಲಿ ಎಷ್ಟೋ ಬೆಕ್ಕುಗಳಿಗೆ ಆಮೇಲೆ ಇನ್ಸುಲಿನ್ನೇ ಬೇಡವಾಗುತ್ತದೆ. ಮೇದೋಜೀರಕ ಗ್ರಂಥಿ ಸ್ವಲ್ಪ ಚೇತರಿಸಿಕೊಂಡು ತನ್ನ ಕೆಲಸ ತಾನೇ ಮಾಡತೊಡಗುತ್ತದೆ. ಆ ಹೊತ್ತಿನಲ್ಲಿ ಹಳೆಯ ಡೋಸನ್ನೇ ಚುಚ್ಚುತ್ತಾ ಹೋದರೆ ಅಪಾಯ. ನಾನು ನೋಡಿದ ಶುಗರ್ ಇಳಿದ ಬೆಕ್ಕುಗಳಲ್ಲಿ ಬಹಳಷ್ಟು ಹೀಗೆ ಗುಣವಾಗುತ್ತಿದ್ದವೇ.

ನಾಳೆ ಬೆಳಿಗ್ಗೆ ಚುಚ್ಚುವ ಮೊದಲೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ, ಎಲ್ಲ ಹೇಳಿ, ಊಟದ ವಿಷಯ ಮರೆಯಬೇಡಿ. ಡೋಸ್ ಎಷ್ಟು ಇಳಿಸಬೇಕು ಅಂತ ಅವರೇ ನಿರ್ಧರಿಸಲಿ. ಇಲ್ಲಿ ಕೂತು ಬೆಕ್ಕನ್ನು ನೋಡದೆ ನಾನು ಸಂಖ್ಯೆ ಹೇಳುವುದಿಲ್ಲ. ಇಂಜೆಕ್ಷನ್‌ಗೆ ಮೊದಲು ಪ್ರತಿ ಸಲ ಶುಗರ್ ನೋಡಿ. ಊಟ ಬಿಟ್ಟರೆ, ವಾಂತಿ ಮಾಡಿದರೆ, ಕೇಳದೆ ಚುಚ್ಚಬೇಡಿ.

ಬರೀ ಬೇಯಿಸಿದ ಕೋಳಿಯಲ್ಲೇ ಹೊಟ್ಟೆ ತುಂಬಿಸಬೇಡಿ. ಅದರಲ್ಲಿ ಕ್ಯಾಲ್ಸಿಯಂ ಸಾಲದು, ಬೇಯಿಸಿದ ನೀರಿನ ಜೊತೆ ಟಾರಿನ್ ಅನ್ನುವ ಪೋಷಕಾಂಶ ಹೋಗುತ್ತದೆ. ಬೆಕ್ಕಿನ ಹೃದಯಕ್ಕೂ ಕಣ್ಣಿಗೂ ಟಾರಿನ್ ಬೇಕು. ಪೌಚ್ ಊಟ ಮುಖ್ಯವಾಗಿರಲಿ, ಕೋಳಿ ರುಚಿಗಿರಲಿ.

ಮಲ್ಲೇಶ್ವರದ ಮೂರು ಬೆಕ್ಕು

ಅಕ್ಕಾ, ದುಡ್ಡು ಹೊಂದಿದರೆ ಡಾಕ್ಟರ್ ಹತ್ತಿರ ಸೆನ್ಸರ್ ಬಗ್ಗೆ ಕೇಳಿ. ಮನುಷ್ಯರು ತೋಳಿಗೆ ಅಂಟಿಸಿಕೊಳ್ಳುತ್ತಾರಲ್ಲ, 14 ದಿನ ಬರುವುದು, ಅದನ್ನೇ ಬೆಕ್ಕಿಗೂ ಕೂದಲು ಬೋಳಿಸಿ ಹಚ್ಚುತ್ತಾರೆ. ಮಲಗಿದ್ದಾಗ ಫೋನ್ ಹಿಡಿದರೆ ಸಾಕು, ಶುಗರ್ ಕಾಣುತ್ತದೆ. ನಮ್ಮನೆ ರಾಜ ಮಾತ್ರ ಮೂರನೇ ದಿನವೇ ಕಿತ್ತು ಸೋಫಾ ಕೆಳಗೆ ಹಾಕಿದ್ದ, ಅದು ಬೇರೆ ಮಾತು. ತುಂಬಾ ಕಡಿಮೆ ತೋರಿಸಿದರೆ ಕಿವಿ ಚುಚ್ಚಿ ಒಮ್ಮೆ ಖಾತ್ರಿ ಮಾಡಿಕೊಳ್ಳಿ.

ಕೆಂಚನ ಮನೆ, ಸಾಗರ

ಡಾಕ್ಟರ್ ಸಿಕ್ಕಿದರು. ಊಟದ ವಿಷಯ ಹೇಳಿದ್ದೇ ತಡ, ಡೋಸ್ ಅರ್ಧಕ್ಕೆ ಇಳಿಸಿದರು, ಹೊತ್ತಿಗೆ 1 ಯೂನಿಟ್. ಇಂಜೆಕ್ಷನ್‌ಗೆ ಮೊದಲು 150ರ ಕೆಳಗಿದ್ದರೆ ಚುಚ್ಚದೆ ಫೋನ್ ಮಾಡಿ ಅಂದರು. ಈ ಗುರುವಾರ ಇಡೀ ದಿನ ಎರಡು ಗಂಟೆಗೊಮ್ಮೆ ನೋಡಿ ಬರೆದಿಟ್ಟುಕೊಂಡು ಬರಲು ಹೇಳಿದ್ದಾರೆ. ಜೇನು, ಹತ್ತಿಕಡ್ಡಿ, ಸ್ಟ್ರಿಪ್ ಎಲ್ಲ ಒಂದು ಡಬ್ಬಿಗೆ ಹಾಕಿ ದೇವರ ಕೋಣೆ ಪಕ್ಕದ ಗೂಡಿನಲ್ಲಿ ಇಟ್ಟಿದ್ದೇನೆ. ಹಿಂದಿನ ಬಾಗಿಲು ರಾತ್ರಿ ಮುಚ್ಚುತ್ತೇವೆ, ತೋಟಕ್ಕೆ ಹೋಗಿ ಬಿದ್ದರೆ ಯಾರಿಗೂ ಕಾಣುವುದಿಲ್ಲ.

ತುಂಗಾತೀರ ಸರ್, ಒಂದು ಕೇಳುವುದಿತ್ತು. ಇನ್ಸುಲಿನ್ ನಿಂತ ಮೇಲೂ ಸುಬ್ಬಿಯ ಶುಗರ್ ನೋಡುತ್ತಿದ್ದಿರಾ?

ತುಂಗಾತೀರ

ನೋಡುತ್ತಿದ್ದೆ. ಮೊದಮೊದಲು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ನಿಂತ ಕಾಯಿಲೆ ಮತ್ತೆ ಬರುವುದುಂಟು. ಮಧ್ಯದಲ್ಲಿ ನೀರಿನ ಬಟ್ಟಲು ಬೇಗ ಖಾಲಿಯಾಗತೊಡಗಿದರೆ ವಾರ ಕಾಯಬೇಡಿ, ಅವತ್ತೇ ಚುಚ್ಚಿ ನೋಡಿ. ಉಳಿದ ಇನ್ಸುಲಿನ್ ಇಟ್ಟುಕೊಂಡು ಆಮೇಲೆ ಬಳಸಬೇಡಿ, ಬಾಟಲಿ ತೆರೆದ ತಾರೀಖು ಅದರ ಮೇಲೇ ಬರೆದಿಡಿ.